ಗೇಟು ದಾಟಿದರೂ ಮುಗಿಯದ ಡ್ಯೂಟಿ

ಜೈಲು ಸಿಬ್ಬಂದಿ ಆಪ್ತಸಮಾಲೋಚನೆಗೆ ಬಂದಾಗ ನಾನು ಮೊದಲು ಕೇಳುವುದು ಮನೆಯ ವಿಚಾರ. ಅವರ ನೆಮ್ಮದಿ ಎಲ್ಲಿ ಸೋರಿಹೋಗುತ್ತಿದೆ ಎಂಬುದು ಅಲ್ಲಿ ಬೇಗ ಗೊತ್ತಾಗುತ್ತದೆ.

ಬಹಳ ವರ್ಷ ಸರ್ವೀಸ್ ಆದ ವಾರ್ಡರ್ ಒಬ್ಬರ ಜೊತೆ ಅವರ ಹೆಂಡತಿಯೂ ಬಂದಿದ್ದರು. "ಮಗಳು ಕಾಲೇಜಿಂದ ಹತ್ತು ನಿಮಿಷ ಲೇಟಾಗಿ ಬಂದ್ರೆ ಸಾಕು ಮೇಡಂ, ಎಲ್ಲಿದ್ದೆ, ಯಾರ ಜೊತೆ ಇದ್ದೆ, ಬ್ಯಾಗ್ ತೆಗಿ ಅಂತಾರೆ. ಇದು ಬ್ಯಾರಕ್ ಅಲ್ಲ ರೀ ಅಂದ್ರೆ ನನ್ ಮೇಲೇ ರೇಗ್ತಾರೆ" ಎಂದರು. ಆತ ತಲೆ ತಗ್ಗಿಸಿ ಕೂತಿದ್ದರು. ಮಗಳೆಂದರೆ ಅವರಿಗೆ ಪ್ರಾಣ. ಆದರೆ ಯಾರನ್ನೂ ನಂಬದಿರುವುದು, ಮುಖದಲ್ಲಿ ಏನನ್ನೂ ತೋರಗೊಡದಿರುವುದು ಒಳಗೆ ಅವರನ್ನು ಕಾಪಾಡಿದ ಅಭ್ಯಾಸಗಳು. ಸಮವಸ್ತ್ರ ಕಳಚಿದ ಮಾತ್ರಕ್ಕೆ ಅವು ಬಿಟ್ಟುಹೋಗುವುದಿಲ್ಲ.

ಅಮೆರಿಕದ ಎರಿಕ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಜೈಲು ಸಿಬ್ಬಂದಿಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಕೆಲಸದಲ್ಲಿ ತೃಪ್ತಿಯಿದ್ದವರಿಗೆ ಬದುಕಿನಲ್ಲೂ ತೃಪ್ತಿ ಹೆಚ್ಚು, ಕೆಲಸ ಮನೆಯೊಳಕ್ಕೆ ನುಗ್ಗಿದಷ್ಟೂ ಅದು ಕಡಿಮೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ನಮ್ಮಲ್ಲಿ ಕೆಲಸ ಹಾಗೆ ನುಗ್ಗುವ ದಾರಿಗಳು ಹಲವು. ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆನ್ನುತ್ತದೆ ಮಾದರಿ ಕಾರಾಗೃಹ ಕೈಪಿಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 4.36 ಲಕ್ಷ ಜನರ ಜಾಗದಲ್ಲಿ 5.73 ಲಕ್ಷ ಜನರಿದ್ದರು. ಸಿಬ್ಬಂದಿ ಹುದ್ದೆಗಳಲ್ಲಿ ಹೆಚ್ಚುಕಡಿಮೆ ಶೇ 30ರಷ್ಟು ಖಾಲಿ. ಪಾಳಿ ಬದಲಿಸಬೇಕಾದವರು ಬರದಿದ್ದರೆ ಇದ್ದವರೇ ಮುಂದುವರಿಯಬೇಕು. ವಾರದ ರಜೆ ಪುಸ್ತಕದಲ್ಲೇ ಉಳಿಯುತ್ತದೆ, ನಾದಿನಿಯ ಮದುವೆಗೆ ಹೆಂಡತಿ ಒಬ್ಬಳೇ ಹೋಗುತ್ತಾಳೆ. ಕ್ವಾರ್ಟರ್ಸ್ ಜೈಲಿನ ಪಕ್ಕದಲ್ಲೇ ಇದ್ದರಂತೂ ಅಲಾರಂ ಕೂಗಿದೊಡನೆ ಊಟದ ತಟ್ಟೆ ಬಿಟ್ಟು ಓಡಬೇಕು.

ಇದಕ್ಕಿಂತ ಆಳಕ್ಕೆ ಇಳಿಯುವುದು ತಮ್ಮ ಕೆಲಸ ಏನೆಂಬ ಗೊಂದಲ. ಗೇಟಿನ ಮೇಲಿನ ಫಲಕದಲ್ಲಿ 'ಸುಧಾರಣಾ ಸೇವೆ' ಎಂದಿರುತ್ತದೆ. ಆದರೆ ಕೈದಿಯೊಬ್ಬನ ಕಷ್ಟಸುಖ ವಿಚಾರಿಸುತ್ತ ನಿಂತರೆ ಸಹೋದ್ಯೋಗಿಗಳೇ ಅನುಮಾನದಿಂದ ನೋಡುತ್ತಾರೆ. ಬಿಗಿಯಾದರೆ ದೂರು ಹೋಗುತ್ತದೆ. ಒಬ್ಬ ಅಧಿಕಾರಿ ಹೂಂ ಅಂದದ್ದಕ್ಕೆ ಇನ್ನೊಬ್ಬರು ಮೆಮೊ ಕೊಡುತ್ತಾರೆ. ಕೈದಿಗಳಿಂದ ತಮಗಿರುವ ಭಯದ ಬಗ್ಗೆ ನನ್ನೆದುರು ಕೂತವರು ಆಡುವ ಮಾತು ಕಡಿಮೆ. ಮೇಲಿನವರು ಕೈಬಿಡುತ್ತಾರೆಂಬ ಭಯವೇ ಹೆಚ್ಚು. ಹಾಗಾಗಿ ವರ್ಷಕ್ಕೊಂದು ಯೋಗ ಶಿಬಿರದಿಂದ ಇದು ಸರಿಹೋದೀತೆಂದು ನಾನು ನಂಬುವುದಿಲ್ಲ. ಪಾಳಿ ಪಟ್ಟಿಯನ್ನು ಒಂದು ವಾರ ಮುಂಚೆ ಕೈಗೆ ಕೊಟ್ಟು, ಕೊಟ್ಟಂತೆ ನಡೆಸಿದರೆ ಅದಕ್ಕಿಂತ ಹೆಚ್ಚು ಉಪಯೋಗವಾದೀತು.

ಇನ್ನೊಂದನ್ನು ಅಧೀಕ್ಷಕರ ಗಮನಕ್ಕೆ ತರಲೇಬೇಕು. ಸೆಲ್ಲಿನಲ್ಲಿ ಕೈದಿ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಆಗಬೇಕು. ಎರಡೂ ಅಗತ್ಯವೇ. ಆದರೆ ನೇಣಿನಿಂದ ದೇಹ ಇಳಿಸಿದ ವಾರ್ಡರ್ ಅಂದು ಹೇಳಿಕೆ ಕೊಟ್ಟು, ಮರುರಾತ್ರಿ ಅದೇ ಬ್ಲಾಕಿನ ಪಹರೆಗೆ ನಿಲ್ಲುತ್ತಾರೆ. ಅಂಥವರಿಗೆ ಎರಡು ದಿನ ರಜೆ ಕೊಡಿ, ಆ ಬ್ಲಾಕ್ ಬದಲಿಸಿ. ಅವರು ಹೇಳುವುದನ್ನು ತನಿಖೆಗೆ ಸಂಬಂಧವಿಲ್ಲದ ಒಬ್ಬರಾದರೂ ಕೂತು ಕೇಳುವಂತೆ ಮಾಡಿ.