ಟೇಪು ಎಲ್ಲಿ ಸುತ್ತಿದಿರಿ?

ಅಮೆರಿಕದ ಓಹಾಯೋದಲ್ಲಿ ಮರಗಳ ಆರೈಕೆ ನನ್ನ ಕೆಲಸ. ಇಲ್ಲಿ ಹೊಳೆ ದಂಡೆಗಳಲ್ಲಿ ದಪ್ಪಗೆ ಬೆಳೆಯುವ ಸೈಕಮೋರ್ ಅನ್ನುವ ಮರವಿದೆ. ವರ್ಷಕ್ಕೆ ಹತ್ತಾರು ಜನ ಫೋನ್ ಮಾಡಿ ಒಂದೇ ಮಾತು ಹೇಳುತ್ತಾರೆ: 'ನಮ್ಮ ಹೊಳೆ ದಂಡೆಯ ಸೈಕಮೋರ್ ಮೂವತ್ತಾರು ಅಡಿ ಸುತ್ತ ಇದೆ, ದಾಖಲೆ ಆಗುತ್ತಾ?' ನನ್ನ ಪ್ರಶ್ನೆಯೂ ಒಂದೇ. ನೆಲದಿಂದ ಎಷ್ಟು ಎತ್ತರದಲ್ಲಿ ಅಳೆದಿರಿ? ಆಗ ಆ ಕಡೆ ಮೌನ.

ದೇಶದ ದೊಡ್ಡ ಮರಗಳ ಪಟ್ಟಿಯನ್ನು ಅಮೆರಿಕನ್ ಫಾರೆಸ್ಟ್ಸ್ ಸಂಸ್ಥೆ 1940ರಲ್ಲಿ ಶುರುಮಾಡಿತು. ಸುತ್ತಳತೆಯ ಪ್ರತಿ ಇಂಚಿಗೆ ಒಂದು ಅಂಕ, ಎತ್ತರದ ಪ್ರತಿ ಅಡಿಗೆ ಒಂದು ಅಂಕ, ಜೊತೆಗೆ ಕೊಂಬೆಗಳ ಹರಹಿನ ಸರಾಸರಿ ಅಡಿಯಲ್ಲಿ ಕಾಲುಭಾಗ. ಸುತ್ತಳತೆ ತೆಗೆಯಬೇಕಾದ್ದು ನೆಲದಿಂದ ನಾಲ್ಕೂವರೆ ಅಡಿ ಮೇಲೆ. ಇಳಿಜಾರಾಗಿದ್ದರೆ ಮೇಲಿನ ನೆಲ, ಕೆಳಗಿನ ನೆಲ ಎರಡರ ನಡುಮಟ್ಟದಿಂದ ಲೆಕ್ಕ. ಅಲ್ಲೇ ಗಂಟು ಉಬ್ಬಿದ್ದರೆ ಅದರ ಕೆಳಗೆ ಎಲ್ಲಿ ಸಣ್ಣಗಿದೆಯೋ ಅಲ್ಲಿ.

ಸೈಕಮೋರ್ ಬುಡ ಬೇರಿನ ಕಡೆಗೆ ಲಂಗದ ಹಾಗೆ ಅರಳಿಕೊಂಡಿರುತ್ತದೆ. ಕಳೆದ ಬೇಸಿಗೆಯಲ್ಲಿ ಒಬ್ಬ ವಯಸ್ಸಾದ ರೈತರ ಮರ ನೋಡಲು ಹೋದೆ. ಅವರು ಪಾದದ ಮಟ್ಟದಲ್ಲಿ ಹಗ್ಗ ಸುತ್ತಿದ್ದರು: 36 ಅಡಿ. ನಾನು ಟೇಪು ಮೇಲೆತ್ತಿ, ಜೋಲು ಬೀಳದಂತೆ ಬಿಗಿಮಾಡಿ, ಒಳಗೆ ಸಿಕ್ಕಿಕೊಂಡ ತೊಗಟೆ ಚೂರುಗಳನ್ನು ತೆಗೆದು ನೋಡಿದರೆ 24 ಅಡಿ. ಹನ್ನೆರಡು ಅಡಿ ಅಂದರೆ 144 ಅಂಕ! ಆ ಮರದ ಇಡೀ ಎತ್ತರಕ್ಕೂ ಅಷ್ಟು ಅಂಕ ಸಿಗಲಿಕ್ಕಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಎಲ್ಲಿ ಅಳೆದಿರಿ ಅಂತ ಬರೆಯದ ಅಳತೆಯನ್ನು ಇನ್ನೊಂದು ಮರದ ಜೊತೆ ಹೋಲಿಸಲು ಬರುವುದೇ ಇಲ್ಲ.

ಜಾರ್ಜ್ ವಾಷಿಂಗ್ಟನ್ 1770ರ ನವೆಂಬರಿನಲ್ಲಿ ಓಹಾಯೋ ನದಿ ಪ್ರಯಾಣದಲ್ಲಿ ಒಂದು ಸೈಕಮೋರ್ ಅಳೆದು ದಿನಚರಿಯಲ್ಲಿ ಬರೆದರು: 45 ಅಡಿಗೆ ಎರಡು ಇಂಚು ಕಮ್ಮಿ. ಜೊತೆಗೆ 'ನೆಲದಿಂದ ಮೂರು ಅಡಿ ಮೇಲೆ' ಅಂತಲೂ ಬರೆದರು. ಆ ಒಂದು ಮಾತಿನಿಂದಲೇ ಇವತ್ತೂ ಆ ಅಳತೆ ನಮಗೆ ಕೆಲಸಕ್ಕೆ ಬರುತ್ತದೆ. ಹಾಗಂತ ಇವತ್ತಿನ ನಾಲ್ಕೂವರೆ ಅಡಿ ಲೆಕ್ಕದ ಪಕ್ಕ ಅದನ್ನು ನೇರವಾಗಿ ಇಡುವುದು ಸರಿಯಲ್ಲ.

ಎರಡು ಕಾಂಡ ಕೂಡಿ ಬೆಳೆದಿರುವುದೂ ಜಾಸ್ತಿ. ಕವಲಿನಿಂದ ನೆಲದವರೆಗೆ ತೊಗಟೆ ಒಳಕ್ಕೆ ಮಡಚಿಕೊಂಡ ಗೆರೆ ಕಂಡರೆ ನನಗೆ ಅನುಮಾನ ಬರುತ್ತದೆ. ಆದರೆ ಬರೀ ಫೋಟೋ ನೋಡಿ ನಾನು ತೀರ್ಪು ಕೊಡುವುದಿಲ್ಲ. ಒಂದೇ ಬುಡದ ಮರವನ್ನೂ ಜೋಡಿ ಮರವನ್ನೂ ಪಕ್ಕಪಕ್ಕ ಇಟ್ಟರೆ ಒಂದಕ್ಕೆ ಅನ್ಯಾಯ ಅಲ್ವಾ? ಇನ್ನು ವಯಸ್ಸು ಕೇಳಬೇಡಿ. ನದಿ ಬದಿಯ ಮಣ್ಣಲ್ಲಿ ಇವು ಬೇಗ ದಪ್ಪಗಾಗುತ್ತವೆ, ಹಳೆಯವು ಒಳಗೆ ಪೊಳ್ಳು, ಎಣಿಸಲು ಉಂಗುರವೇ ಉಳಿದಿರುವುದಿಲ್ಲ.

ಹೆಸರೂ ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ ಸೈಕಮೋರ್ ಅಂದರೆ ಮೇಪಲ್ ಜಾತಿ. ಬೈಬಲಿನ ಸೈಕಮೋರ್ ನಮ್ಮ ಅತ್ತಿ ಮರದ ಬಳಗ. ಇವನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿದವರನ್ನೂ ನೋಡಿದ್ದೇನೆ.

ಆ ರೈತರು ಸ್ವಲ್ಪ ಹೊತ್ತು ಸುಮ್ನೆ ನಿಂತರು. 'ಹಾಗಾದರೆ ನಮ್ಮದು ದೊಡ್ಡ ಮರ ಅಲ್ವಾ?' ಅಂದರು. ನನಗೆ ಹೊಟ್ಟೆ ಚುರ್ ಅಂತು. ಇಪ್ಪತ್ನಾಲ್ಕು ಅಡಿ ಸುತ್ತಳತೆಯ ಮರ ನನ್ನ ಕೆಲಸದಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿವೆ, ಅದನ್ನೇ ಹೇಳಿದೆ. ತಾರೀಖು, ಅಳತೆ, 'ನಾಲ್ಕೂವರೆ ಅಡಿಯಲ್ಲಿ' ಅಂತ ಬರೆದು ಕೊಟ್ಟೆ. ಎಲೆ ತುಂಬಿದಾಗ ತುದಿ ಕಾಣುವುದಿಲ್ಲ, ಹಾಗಾಗಿ ಎತ್ತರದ ಜಾಗ ಖಾಲಿ ಬಿಟ್ಟೆ. ಎಲೆ ಉದುರಿದ ಮೇಲೆ ಮತ್ತೆ ಹೋಗಬೇಕು.