ಬ್ಯಾಸ್ ಹಿಡಿಯಲು 2500 ರೀಲ್ ಸಾಕಾ, 4000 ಬೇಕಾ?

ಪ್ರಶ್ನೆ: ಬ್ಯಾಸ್ ಮೀನು ಹಿಡಿಯೋಕೆ ಸ್ಪಿನ್ನಿಂಗ್ ರೀಲ್ ತಗೋಬೇಕು ಅಂತಿದೀನಿ. 2500 ಸಾಕು ಅಂತ ಕೆಲವರು ಹೇಳ್ತಾರೆ. ಆದರೆ ದೊಡ್ಡ ಮೀನು ಬಿದ್ದರೆ ಅದು ತಡೆಯುತ್ತಾ? ಸುಮ್ಮನೆ 4000 ತಗೊಂಡುಬಿಡಲಾ?

ಉತ್ತರ: 2500 ತಗೊಳ್ಳಿ.

ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಕೇಳಿದವರು ಒಂದು "ಆದರೆ" ಹಿಡಿದುಕೊಂಡು ಮರಳಿ ಬರುತ್ತಾರೆ. ಇವತ್ತು ಆ "ಆದರೆ"ಯನ್ನೇ ಪೂರ್ತಿ ಬಿಚ್ಚಿ ಇಡುತ್ತೇನೆ.

ಮೊದಲು ಅಂಕಿಯ ವಿಷಯ ಮುಗಿಸೋಣ. ರೀಲ್ ಎಂದರೆ ರಾಡಿಗೆ ಕೂರಿಸಿ ಲೈನ್ ಸುತ್ತಿಡುವ ಸಾಧನ. ಅದರ ಸೈಜು ಹೇಳುವ 1000, 2500, 4000 ಎಂಬುವು ಗ್ರಾಮೂ ಅಲ್ಲ, ಮೀಟರೂ ಅಲ್ಲ. ಅಂಗಿಯ ಸೈಜಿನ ಹಾಗೆ, ಒಂದೊಂದು ಕಂಪನಿಯದು ಒಂದೊಂದು ಥರ. ಕೆಲವರು 25, 30, 40 ಎಂದು ಬರೆಯುತ್ತಾರೆ, ಅರ್ಥ ಅದೇ. ಶಿಮಾನೊ ಕಂಪನಿಯ ಸಿ3000 ಅಂದರೆ 2500ರ ಮೈಗೆ 3000ದ ಸ್ಪೂಲ್ (ಲೈನ್ ಸುತ್ತುವ ಉರುಳೆ) ಕೂರಿಸಿದ್ದು. ಆದ್ದರಿಂದ ಅಂಕಿಯೊಂದನ್ನೇ ನಂಬಬೇಡಿ, ಪೆಟ್ಟಿಗೆಯ ಮೇಲೆ ಬರೆದ ತೂಕ ಮತ್ತು ಲೈನ್ ಹಿಡಿಯುವ ಅಳತೆ ನೋಡಿ. ತೂಕ 200ರಿಂದ 260 ಗ್ರಾಂ ಒಳಗಿದ್ದು, 8 ಪೌಂಡಿನ ಮೊನೊ (ಒಂದೇ ಎಳೆಯ ನೈಲಾನ್) ಲೈನ್ ಸುಮಾರು 130 ಮೀಟರ್ ಹಿಡಿದರೆ ಅದು ನಾನು ಹೇಳುತ್ತಿರುವ ರೀಲ್.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: ದೊಡ್ಡ ಮೀನಿಗೆ ದೊಡ್ಡ ರೀಲ್ ಬೇಕು ಎನ್ನುವುದು.

ಬ್ಯಾಸ್ ಓಡುವ ಮೀನಲ್ಲ, ನುಗ್ಗುವ ಮೀನು. ಗಾಳ ಚುಚ್ಚಿದ ಕೂಡಲೇ ಹತ್ತಿರದ ಜೊಂಡಿಗೋ ಮುಳುಗಿದ ಮರದ ಬುಡಕ್ಕೋ ನುಗ್ಗುತ್ತದೆ, ಇಲ್ಲವೇ ನೀರಿನಿಂದ ಮೇಲೆ ಹಾರಿ ತಲೆ ಕೊಡವುತ್ತದೆ. ಸಮುದ್ರದ ಕೆಲವು ಮೀನುಗಳ ಹಾಗೆ ನೂರಾರು ಮೀಟರ್ ಲೈನ್ ಎಳೆದುಕೊಂಡು ಹೋಗುವುದಿಲ್ಲ. ನೀವು ಎಸೆಯುವುದೇ ಮೂವತ್ತು ನಲವತ್ತು ಮೀಟರ್. ಸ್ಪೂಲಿನಲ್ಲಿ 130 ಮೀಟರ್ ಇದೆ. ಇನ್ನೂ ನೂರು ಮೀಟರ್ ಜಾಸ್ತಿ ಹಿಡಿಯುವ ಸ್ಪೂಲ್ ತಗೊಂಡು ಏನು ಮಾಡುತ್ತೀರಿ? ಆ ಲೈನ್ ಬಿಸಿಲನ್ನೇ ಕಾಣದೆ ಹಳತಾಗುತ್ತದೆ.

"ಓಟ ಬೇಡ, ಬಲ ಬೇಡವಾ?" ಇದು ಮುಂದಿನ ಪ್ರಶ್ನೆ. ಪೆಟ್ಟಿಗೆಯ ಮೇಲೆ ಗರಿಷ್ಠ ಡ್ರ್ಯಾಗ್ 11 ಕೆಜಿ ಎಂದು ಬರೆದಿರುವುದನ್ನು ತೋರಿಸುತ್ತಾರೆ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ಲೈನನ್ನು ತಡೆಯುತ್ತಲೇ ಬಿಟ್ಟುಕೊಡುವ ರೀಲಿನ ಬ್ರೇಕ್. ದಯವಿಟ್ಟು ಒಂದು ಲೆಕ್ಕ ಮಾಡಿ. 8 ಪೌಂಡಿನ ಲೈನ್ ಹರಿಯುವುದು ಸುಮಾರು 3.6 ಕೆಜಿ ಎಳೆತಕ್ಕೆ. ಗಂಟು ಇದ್ದ ಕಡೆ ಇನ್ನೂ ಮುಂಚೆ. ಅದಕ್ಕೇ ಡ್ರ್ಯಾಗನ್ನು ಲೈನಿನ ಬಲದ ಕಾಲು ಭಾಗಕ್ಕೆ, ಹೆಚ್ಚೆಂದರೆ ಮೂರನೇ ಒಂದು ಭಾಗಕ್ಕೆ ಇಡುವುದು. ಅಂದರೆ ಒಂದು ಕೆಜಿಯ ಆಸುಪಾಸು. ಒಂದು ಕೆಜಿಗೆ ಇಡಬೇಕಾದ ಡ್ರ್ಯಾಗಿಗೆ 11 ಕೆಜಿಯ ಸಾಮರ್ಥ್ಯ ಯಾವ ಉಪಯೋಗಕ್ಕೂ ಇಲ್ಲ. ಅಷ್ಟು ಬಿಗಿ ಮಾಡಿದ ದಿನ ನಿಮ್ಮ ಲೈನ್ ಹರಿದಿರುತ್ತದೆ, ಇಲ್ಲವೇ ರಾಡ್ ಮುರಿದಿರುತ್ತದೆ.

ಒಂದು ಕೆಜಿ ಅಂದರೆ ಬಹಳ ಕಡಿಮೆ ಅನ್ನಿಸಿತೇ? ಕಲಿಯಲು ಬಂದವರಿಗೆಲ್ಲ ನಾನು ಮಾಡಿಸುವ ಒಂದು ಪರೀಕ್ಷೆ ಇದೆ. ಒಂದು ಲೀಟರ್ ನೀರಿನ ತುಂಬಿದ ಬಾಟಲಿಗೆ ಲೈನ್ ಕಟ್ಟಿ. ರಾಡನ್ನು ಓರೆಯಾಗಿ ಹಿಡಿದು, ತೀರಾ ನೆಟ್ಟಗೆ ನಿಲ್ಲಿಸದೆ, ಬಾಟಲಿಯನ್ನು ನಿಧಾನವಾಗಿ ನೆಲದಿಂದ ಎತ್ತಿ. ರಾಡ್ ಕಮಾನಾಗುತ್ತದೆ, ಮಣಿಕಟ್ಟು ನೋಯುತ್ತದೆ. ಎತ್ತಿದವರ ಮುಖದಲ್ಲಿ ಆಗ ಕಾಣುವ ಬೆರಗು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ, ಏಕೆಂದರೆ ಅವರು ಮತ್ತೆ ಈ ಪ್ರಶ್ನೆ ಕೇಳುವುದಿಲ್ಲ. ಮೀನು ನೀರಿನಲ್ಲಿ ತೇಲುತ್ತಿರುವಾಗ ಅದರ ತೂಕ ನಿಮ್ಮ ಲೈನಿನ ಮೇಲೆ ಬೀಳುವುದೇ ಇಲ್ಲ, ಎಳೆತ ಮಾತ್ರ ಬೀಳುತ್ತದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಸರಿಗಟ್ಟಿದ ವಿಶ್ವದಾಖಲೆಯ ಬ್ಯಾಸ್ ಕೂಡ ಹತ್ತು ಕೆಜಿಯ ಆಸುಪಾಸಿನದು. ನಿಮಗೆ ಬೀಳುವವು ಒಂದು, ಎರಡು ಕೆಜಿಯವು.

ಡ್ರ್ಯಾಗಿನಲ್ಲಿ ನೋಡಬೇಕಾದದ್ದು ಬಲವನ್ನಲ್ಲ, ನಯವನ್ನು. ತಲೆ ಕೊಡವಿದ ಕ್ಷಣದಲ್ಲಿ ಜರ್ಕ್ ಇಲ್ಲದೆ ಲೈನ್ ಬಿಡಬೇಕು. ಅಂಗಡಿಯಲ್ಲಿ ಡ್ರ್ಯಾಗನ್ನು ಸಾಧಾರಣ ಬಿಗಿ ಮಾಡಿ, ಲೈನನ್ನು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ತಡವರಿಸಿ ತಡವರಿಸಿ ಬಂದರೆ ಆ ರೀಲ್ ಅಲ್ಲೇ ಬಿಡಿ.

ದೊಡ್ಡ ರೀಲ್ ಇಟ್ಟುಕೊಂಡರೆ ನಷ್ಟ ಏನು ಎಂದೂ ಕೇಳುತ್ತಾರೆ. ನಷ್ಟ ಇದೆ. 4000ದ ರೀಲ್ ಐವತ್ತು, ಎಂಬತ್ತು ಗ್ರಾಂ ಹೆಚ್ಚು ತೂಗುತ್ತದೆ. ದಿನಕ್ಕೆ ನೂರಾರು ಸಲ ಎಸೆಯುವ ಕೈಗೆ ಅದು ಸಣ್ಣ ಭಾರವಲ್ಲ. ಅದಕ್ಕಿಂತ ಮುಖ್ಯವಾಗಿ, ಸ್ಪಿನ್ನಿಂಗ್ ರೀಲಿನಲ್ಲಿ ನಾವು ಮಾಡುವುದು ನಾಜೂಕಿನ ಕೆಲಸ. ಡ್ರಾಪ್ ಶಾಟ್, ನೆಡ್ ರಿಗ್, ವ್ಯಾಕಿ ರಿಗ್ (ಮೆತ್ತನೆಯ ಹಗುರ ಕೃತಕ ಎರೆಯನ್ನು ಗಾಳಕ್ಕೆ ಕಟ್ಟುವ ಬಗೆಗಳು) ಇವಕ್ಕೆ ಬ್ಯಾಸ್ ಬಾಯಿ ಹಾಕಿದ್ದು ತಿಳಿಯುವುದು "ಟಿಕ್" ಎಂಬಷ್ಟು ಚಿಕ್ಕ ಮಿಡಿತದಲ್ಲಿ. ಆರೂವರೆ, ಏಳಡಿಯ ತೆಳು ರಾಡಿನ ಹಿಂದೆ ಭಾರದ ರೀಲ್ ಜೋತರೆ ದಣಿದ ಕೈಗೆ ಆ ಮಿಡಿತ ಸಿಗುವುದಿಲ್ಲ. ಇನ್ನು ದಟ್ಟ ಜೊಂಡಿನಿಂದ 50 ಪೌಂಡಿನ ಬ್ರೇಡ್ (ಹೆಣೆದ ಲೈನ್) ಹಾಕಿ ಮೀನನ್ನು ಕಿತ್ತು ತರಬೇಕೆಂದರೆ ಅದು ಬೇಟ್‌ಕ್ಯಾಸ್ಟರ್ (ಸ್ಪೂಲೇ ತಿರುಗುವ ಇನ್ನೊಂದು ಬಗೆಯ) ರೀಲಿನ ಕೆಲಸ, 4000ದ ಸ್ಪಿನ್ನಿಂಗ್ ರೀಲಿನದಲ್ಲ.

ಈ ನಂಬಿಕೆಯಲ್ಲಿ ಒಂದು ಕಾಳು ನಿಜವಿದೆ, ಅದನ್ನೂ ಹೇಳಬೇಕು. ಸ್ಪೂಲಿನ ಸುತ್ತಳತೆ ದೊಡ್ಡದಾದಷ್ಟೂ ಲೈನಿನ ಸುರುಳಿ ಸಡಿಲ. ಫ್ಲೂರೋಕಾರ್ಬನ್ ಎಂಬ ಲೈನ್ ಸ್ವಭಾವತಃ ಬಿರುಸು, 1000ದ ಪುಟ್ಟ ಸ್ಪೂಲಿಗೆ ಸುತ್ತಿದರೆ ಸ್ಪ್ರಿಂಗಿನ ಹಾಗೆ ಹೊರಬರುತ್ತದೆ. ನೀವು ಬರೀ ಫ್ಲೂರೋಕಾರ್ಬನ್ನನ್ನೇ, ಅದೂ 8 ಅಥವಾ 10 ಪೌಂಡಿನದನ್ನು ತುಂಬುವವರಾದರೆ 3000 ತಗೊಳ್ಳಿ, ನಾನೇ ಹೇಳುತ್ತೇನೆ. 10 ಪೌಂಡಿನ ಬ್ರೇಡಿಗೆ ಫ್ಲೂರೋಕಾರ್ಬನ್ ಲೀಡರ್ (ಗಾಳದ ಕಡೆಯ ಗಿಡ್ಡ ತುಂಡು) ಕಟ್ಟುವವರಿಗೆ 2500 ಸಾಕು. ಬ್ರೇಡ್ ಸುತ್ತುವ ಮುಂಚೆ ಸ್ಪೂಲಿಗೆ ಸ್ವಲ್ಪ ಮೊನೊ ಸುತ್ತಿ, ಇಲ್ಲದಿದ್ದರೆ ಬ್ರೇಡ್ ಇಡಿಯಾಗಿ ಸ್ಪೂಲಿನ ಮೇಲೆ ಜಾರುತ್ತದೆ. ಲೈನನ್ನು ಸ್ಪೂಲಿನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಿ.

ಯಾರೂ ನೇರವಾಗಿ ಕೇಳದ, ಆದರೆ ಈ ಪ್ರಶ್ನೆಯ ಹಿಂದೆ ಅಡಗಿರುವ ಇನ್ನೊಂದು ವಿಷಯವಿದೆ. "2500ರಲ್ಲಿ ಲೈನ್ ಸಿಕ್ಕಾಗುತ್ತಿತ್ತು, ಅದಕ್ಕೇ ದೊಡ್ಡದಕ್ಕೆ ಹೋದೆ" ಎನ್ನುತ್ತಾರೆ. ಸಿಕ್ಕಿಗೆ ಕಾರಣ ಸಾಮಾನ್ಯವಾಗಿ ಸೈಜ್ ಅಲ್ಲ, ಹುರಿ, ಅಂದರೆ ಲೈನ್ ತಿರುಚಿಕೊಳ್ಳುವುದು. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲ್ ನಿಂತಿರುತ್ತದೆ, ರೋಟರ್ ಅದರ ಸುತ್ತ ತಿರುಗಿ ಲೈನ್ ಸುತ್ತುತ್ತದೆ. ಮೀನು ಎಳೆಯುತ್ತಿದೆ, ಡ್ರ್ಯಾಗ್ ಜಾರುತ್ತಿದೆ, ಆದರೂ ಗಾಬರಿಯಲ್ಲಿ ನೀವು ಹ್ಯಾಂಡಲ್ ತಿರುಗಿಸುತ್ತಲೇ ಇದ್ದೀರಿ. ಲೈನ್ ಒಳಗೆ ಬರುವುದಿಲ್ಲ, ಆದರೆ ರೋಟರಿನ ಪ್ರತಿ ಸುತ್ತಿಗೂ ಲೈನಿಗೆ ಒಂದು ಹುರಿ ಏರುತ್ತದೆ. ಗೇರ್ 6:1 ಇದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ ಆರು ಹುರಿ, ಹತ್ತು ಸುತ್ತಿಗೆ ಅರವತ್ತು. ಮರುದಿನ ಎಸೆಯುವಾಗ ಅದೇ ಗಂಟಾಗಿ ಮುಖಕ್ಕೆ ಬರುತ್ತದೆ. 4000 ತಂದರೂ ಇದು ತಪ್ಪುವುದಿಲ್ಲ.

ಡ್ರ್ಯಾಗ್ ಸದ್ದು ಮಾಡುತ್ತಿದ್ದರೆ ಹ್ಯಾಂಡಲ್ ನಿಲ್ಲಿಸಿ. ಮೀನು ನಿಂತಾಗ ರಾಡ್ ಎತ್ತಿ ಎಳೆಯಿರಿ, ರಾಡ್ ಇಳಿಸುತ್ತಾ ಸುತ್ತಿಕೊಳ್ಳಿ. ಎಸೆದ ಮೇಲೆ ಬೇಲನ್ನು (ಲೈನ್ ಹಿಡಿಯುವ ತಂತಿಯ ಕಮಾನು) ಕೈಯಿಂದ ಮುಚ್ಚಿ, ಸಡಿಲ ಲೈನನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಈಗಾಗಲೇ ಹುರಿ ಏರಿದ್ದರೆ ಲೂರ್ (ಕೃತಕ ಎರೆ), ಗಾಳ ಎಲ್ಲ ಬಿಚ್ಚಿ, ಚಲಿಸುವ ದೋಣಿಯ ಹಿಂದೆ ಬರೀ ಲೈನನ್ನು ಐವತ್ತು ಅರವತ್ತು ಮೀಟರ್ ಬಿಟ್ಟು ಕೆಲವು ನಿಮಿಷ ಎಳೆದಾಡಿಸಿ. ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ದೋಣಿ ಇಲ್ಲದವರು ಹರಿಯುವ ನೀರಿಗೆ ಬಿಡಬಹುದು. ಮರಳಿ ಸುತ್ತುವಾಗ ಎರಡು ಬೆರಳುಗಳ ನಡುವೆ ಲೈನನ್ನು ಬಿಗಿಯಾಗಿ ಒತ್ತಿ ಹಿಡಿದುಕೊಂಡಿರಿ.