ಇಲಿಯಸ್: ಆಪರೇಷನ್ ಆದ ಮೇಲೆ ಕುದುರೆಯ ಕರುಳು ಸುಮ್ಮನಾದಾಗ

ಕುದುರೆಗೆ ಕೋಲಿಕ್ (ಜೋರು ಹೊಟ್ಟೆನೋವು) ಆಗಿ, ಹೊಟ್ಟೆ ಕೊಯ್ದು, ತಿರುಚಿಕೊಂಡಿದ್ದ ಕರುಳನ್ನು ಸರಿಮಾಡಿದ್ದಾಯಿತು. ಕುದುರೆ ಎದ್ದೂ ನಿಂತಿತು. ಆದರೆ ಒಂದೆರಡು ದಿನದೊಳಗೆ ಮತ್ತೆ ಮಂಕಾಗುತ್ತದೆ, ಎದೆಬಡಿತ ಏರುತ್ತದೆ. ಪಕ್ಕೆಯ ಹತ್ತಿರ ಸ್ಟೆತಾಸ್ಕೋಪ್ ಇಟ್ಟರೆ ಗುಡುಗುಡು ಸದ್ದು ಕೇಳುವುದೇ ಕಷ್ಟ. ಎಲ್ಲೂ ಅಡ್ಡ ಸಿಕ್ಕಿಕೊಂಡಿಲ್ಲ, ಆದರೂ ಕರುಳು ಒಳಗಿದ್ದದ್ದನ್ನು ಮುಂದೆ ತಳ್ಳುತ್ತಿಲ್ಲ. ಈ ಸ್ಥಿತಿಯೇ ಇಲಿಯಸ್. ಸಣ್ಣ ಕರುಳಿನ ಆಪರೇಷನ್ ಆದ ಕುದುರೆಗಳಲ್ಲಿ ಇದು ಜಾಸ್ತಿ.

ಯಾಕೆ ಹೀಗೆ? ಕುದುರೆಯ ಸಣ್ಣ ಕರುಳು ಸುಮಾರು 20 ಮೀಟರ್ ಉದ್ದ. ಆಪರೇಷನ್‌ನಲ್ಲಿ ಅದನ್ನು ಹೊರಗೆಳೆದು, ಕೈಯಲ್ಲಿ ಹಿಡಿದು ನೋಡಲೇಬೇಕು. ಎಷ್ಟೇ ಹಗುರವಾಗಿ ಮುಟ್ಟಿದರೂ ಕರುಳಿನ ಸ್ನಾಯುಪದರದಲ್ಲಿ ಉರಿಯೂತ ಶುರುವಾಗುತ್ತದೆ. ನೋವು, ಒತ್ತಡ ಸೇರಿ ನರಗಳೂ ಕರುಳಿಗೆ ಬ್ರೇಕ್ ಹಾಕುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇಳಿದಿದ್ದರೆ ಇನ್ನೂ ಕಷ್ಟ.

ನಿಜವಾದ ಅಪಾಯ ಇರುವುದು ಜಠರದಲ್ಲಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ; ಅನ್ನನಾಳ ಜಠರಕ್ಕೆ ಸೇರುವ ಕಡೆಯ ಸ್ನಾಯು ಅಷ್ಟು ಬಿಗಿ. ಕರುಳು ನಿಂತರೂ ಒಳಗೆ ದ್ರವ ಊರುವುದು ನಿಲ್ಲುವುದಿಲ್ಲ. ಅದು ಹಿಂದಕ್ಕೆ ಬಂದು ಜಠರದಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಜಠರ ಒಡೆದು ಕುದುರೆ ಸಾಯಬಹುದು. ಹಾಗಾಗಿ ಇಲ್ಲಿ ಯಾವ ಔಷಧಿಗಿಂತಲೂ ಮುಖ್ಯ ಒಂದು ಸಾದಾ ನಳಿಕೆ. ಮೂಗಿನ ಹೊಳ್ಳೆಯಿಂದ ಜಠರದವರೆಗೆ ಇಳಿಸಿ, ಸ್ವಲ್ಪ ನೀರು ಬಿಟ್ಟು, ಹೊರಗಿನ ತುದಿಯನ್ನು ಬಕೆಟ್‌ಗೆ ತಗ್ಗಿಸಿದರೆ ಹುಳಿ ವಾಸನೆಯ ದ್ರವ ತಾನಾಗೇ ಹರಿದು ಬರುತ್ತದೆ. ಹಾಕಿದ ನೀರು ಕಳೆದು ಉಳಿದದ್ದೆಷ್ಟು ಅಂತ ಬರೆದಿಡಬೇಕು. ದಿನಕ್ಕೆ 20 ಲೀಟರ್ ದಾಟುವುದೂ ಉಂಟು. ಹೋದಷ್ಟನ್ನು ಡ್ರಿಪ್‌ನಲ್ಲಿ ತುಂಬಿಕೊಡಬೇಕಲ್ವಾ, ಲೆಕ್ಕ ಅದಕ್ಕೇ.

ವೈದ್ಯರಿಗೆ ತಲೆನೋವಾಗುವ ಪ್ರಶ್ನೆ ಬೇರೆ: ಇದು ಇಲಿಯಸ್ಸೋ, ಇಲ್ಲ ಹೊಲಿಗೆ ಹಾಕಿದ ಜಾಗದಲ್ಲೇ ಕರುಳು ಕಟ್ಟಿಕೊಂಡಿದೆಯೋ? ಎರಡರಲ್ಲೂ ನಳಿಕೆಯಿಂದ ದ್ರವ ಬರುತ್ತದೆ. ಅಲ್ಟ್ರಾಸೌಂಡ್‌ನಲ್ಲೂ ಊದಿದ ಕರುಳೇ ಕಾಣಬಹುದು. ದ್ರವ ತೆಗೆದ ಮೇಲೂ ಕುದುರೆ ನೋವಿನಿಂದ ಒದ್ದಾಡುತ್ತಿದ್ದರೆ, ದಿನ ಕಳೆದರೂ ದ್ರವ ಕಡಿಮೆಯಾಗದಿದ್ದರೆ, ಅಡ್ಡಿಯ ಅನುಮಾನ ಬಲವಾಗುತ್ತದೆ. ಆಗ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಗಬಹುದು. ಕಾದರೂ ಅಪಾಯ, ಕೊಯ್ದರೂ ಅಪಾಯ.

ಇಲಿಯಸ್ಸೇ ಆಗಿದ್ದರೆ ಉರಿಯೂತ ಇಳಿಸುವ ಮದ್ದು, ಲಿಡೊಕೇನ್ (ಮರಗಟ್ಟಿಸುವ ಮದ್ದು) ಡ್ರಿಪ್ ಕೊಡುವುದು ರೂಢಿ. ಲಿಡೊಕೇನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಒಮ್ಮತವಿಲ್ಲ. ಕರುಳಿಗೆ ಚಲನೆ ಕೊಡುವ ಮೆಟೊಕ್ಲೊಪ್ರಮೈಡ್ ಅನ್ನುವ ಮದ್ದು ಕೂಡ ಇದೆ, ಆದರೆ ಅದರಿಂದ ಕೆಲವು ಕುದುರೆಗಳು ಕೆರಳುತ್ತವೆ. ಆಗಾಗ ಹಗ್ಗ ಹಿಡಿದು ನಿಧಾನವಾಗಿ ನಡೆಸುತ್ತಾರೆ. ನಳಿಕೆಯಿಂದ ದ್ರವ ಬರುವುದು ನಿಂತ ಮೇಲೆ ಮೊದಲು ನೀರು, ಆಮೇಲೆ ಒಂದೊಂದೇ ಹಿಡಿ ಹುಲ್ಲು.